ಮೂವತ್ತು ಎಣಿಸುವವರೆಗೆ

“ಅಂಕಲ್, ಹೂ ಡನ್ ದಿಸ್ ಒನ್?” ಎಂದು ಹಮ್ಜಾ ಕೇಳಿದಾಗ ಶರಣಬಸಪ್ಪ ತನ್ನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಇಳಿಸಿದ ಮೇಲೆ, ಯಾಕೆ ಹಾಗೆ ಮಾಡಿದೆ ಎಂದು ಅವನಿಗೇ ಗಾಬರಿಯಾಯಿತು. ಹಮ್ಜಾ ಗ್ಯಾಸ್ ರಿಪೇರಿಯ ಲೈಸೆನ್ಸ್ ಇದ್ದವನು, ಐವತ್ತು ದಾಟಿದ ಮಲಯ್ ಮನುಷ್ಯ. ಅಡಿಗೆಮನೆಯ ಹಿಂದಿನ ಕಿರಿದಾದ ಯಾರ್ಡಿನಲ್ಲಿ ಸ್ಟೂಲಿನ ಮೇಲೆ ನಿಂತು, ಬಿಸಿನೀರಿನ ಹೀಟರಿನ ಮುಚ್ಚಳ ಬಿಚ್ಚಿ, ಒಳಗೆ ಟಾರ್ಚು ಬಿಟ್ಟಿದ್ದ. ಹೀಟರಿನ ನೆತ್ತಿಯಲ್ಲಿ, ಸುಟ್ಟ ಗಾಳಿ ಹೊರಬೀಳುವ ಬಾಯಿಯ ಪಕ್ಕದಲ್ಲಿ, ಅಂಗಿಯ ಗುಂಡಿಯಷ್ಟು ಅಗಲದ ಒಂದು ಸೆನ್ಸರ್ ಇತ್ತು. ಅದಕ್ಕೆ ಸೇರಬೇಕಾಗಿದ್ದ ಎರಡು ತಂತಿಗಳು ಅದನ್ನು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿದ್ದವು. ಹೆಣಿಗೆಯ ಮೇಲೆ ಕಪ್ಪು ಕೊಳವೆ ತೊಡಿಸಿ, ಶಾಖ ಕೊಟ್ಟು ಬಿಗಿ ಮಾಡಿತ್ತು. “ವೆರಿ ನೀಟ್,” ಎಂದ ಹಮ್ಜಾ, ಟಾರ್ಚನ್ನು ಅಲ್ಲೇ ಹಿಡಿದು. “ಫ್ಯಾಕ್ಟರಿ ಪೀಪಲ್ ವರ್ಕ್, ದಿಸ್.” ಅವನ ದನಿಯಲ್ಲಿ ವ್ಯಂಗ್ಯ ಇದೆಯೇ ಎಂದು ಶರಣಬಸಪ್ಪ ಹುಡುಕಿದ. ಇರಲಿಲ್ಲ. ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸ ನೋಡುವ ಕಣ್ಣಷ್ಟೇ ಇತ್ತು. ಅದೇ ಹೆಚ್ಚು ಚುಚ್ಚಿತು. “ಮೊದಲು ಯಾರೋ ಬಂದಿದ್ದರು, ಹೆಸರು ನೆನಪಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದ. ತನ್ನ ಮಾತು ತನ್ನ ಕಿವಿಗೇ ಕೇಳಿಸಿತು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಯೇ? ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಭುವನೇಶ್ವರಿ ನಿಂತಿದ್ದಳು. ಆ ತಂತಿಗಳನ್ನು ಹೆಣೆದ ದಿನ ಟಾರ್ಚು ಹಿಡಿದಿದ್ದವಳು ಅವಳೇ. ಅವಳು ಗಂಡನನ್ನು ನೋಡಲಿಲ್ಲ, ಹಮ್ಜಾನನ್ನೂ ನೋಡಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

ಅರ್ಧ ಗಂಟೆಯ ಹಿಂದೆ ಅದು ಎಲ್ಲ ಶನಿವಾರಗಳಂಥ ಶನಿವಾರವಾಗಿತ್ತು. ಕಡಲಾಚೆಯ ಜುರಾಂಗ್ ವೆಸ್ಟ್‌ನ ಹದಿನಾಲ್ಕನೆಯ ಮಹಡಿಯ ಆ ಫ್ಲ್ಯಾಟಿನಲ್ಲಿ ಭುವನೇಶ್ವರಿ ಸುಸಲಾಕ್ಕೆ ಚುರುಮುರಿ ತೊಯಿಸುತ್ತಿದ್ದಳು. ರಿಪೇರಿಯವನನ್ನು ತನಗೆ ಹೇಳದೆ ಬುಕ್ ಮಾಡಿದ್ದಕ್ಕೆ ಶರಣಬಸಪ್ಪ ಮುಖ ಗಂಟಿಕ್ಕಿಕೊಂಡು ಸೋಫಾದಲ್ಲಿ ಕುಳಿತಿದ್ದ. “ನಮ್ಮ ಮನೀಗೆ ಹೊರಗಿನ ಟೆಕ್ನಿಷಿಯನ್ ಬೇಕೇನ?” ಎಂದು ಎರಡು ಸಲ ಕೇಳಿದ್ದ. “ತಿಂಗಳಾತ್ರಿ ನೀವು ಅದನ್ನ ಬಿಚ್ಚಿ ಹಾಕೋದು, ಬಿಚ್ಚಿ ಹಾಕೋದು. ನಿನ್ನೆಯಿಂದ ಮತ್ತ ಆರಾಕ ಹತ್ತೇತಿ. ಇನ್ನ ಅವ ನೋಡ್ಲಿ ಬಿಡ್ರಿ,” ಎಂದಿದ್ದಳು ಅವಳು. ಹಮ್ಜಾ ಬಂದ, ಚಪ್ಪಲಿ ಬಿಟ್ಟ, ಪೈಲಟ್ ದೀಪ ಹಚ್ಚಿದ, ಬಚ್ಚಲಿನ ಬಿಸಿನೀರಿನ ನಲ್ಲಿ ತಿರುವಿದ, ಕೊರಳಲ್ಲಿದ್ದ, ಗಾಳಿ ಪರೀಕ್ಷಿಸುವ ಹಳದಿ ಮೀಟರನ್ನು ಯಾರ್ಡಿನ ಬಟ್ಟೆ ಒಣಹಾಕುವ ಕೋಲಿಗೆ ನೇತುಹಾಕಿ, ಹತ್ತು ನಿಮಿಷ ಕಾಯೋಣ ಎಂದ. ಎಂಟನೆಯ ನಿಮಿಷಕ್ಕೆ ಹೀಟರಿನೊಳಗಿನ ನೀಲಿ ಉರಿ ಹಳದಿಗೆ ತಿರುಗಿತು. ಮೀಟರು ಕಿರುಚಿತು. ಅಂಥ ಸದ್ದನ್ನು ಶರಣಬಸಪ್ಪ ಫ್ಯಾಕ್ಟರಿಯಲ್ಲಿ ಕೇಳಿದ್ದ, ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಹಮ್ಜಾನ ಮುಖ ಬೇರೆಯೇ ಆಯಿತು. “ಔಟ್, ಔಟ್, ಎವ್ರಿಬಡಿ ಔಟ್!” ಎನ್ನುತ್ತ ಗ್ಯಾಸ್ ಮುಚ್ಚಿದ. ಕಿಟಕಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕೈಯಿಂದ ಹಿಡಿದು ಒಂದೇ ಎಳೆತಕ್ಕೆ ಕಿತ್ತ. ಟೇಪು ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬಂತು. ಮಗಳು ಅಕ್ಷತಾ ಅಜ್ಜಿಯ ಕೈ ಹಿಡಿದು ಕಾರಿಡಾರಿಗೆ ಕರೆದೊಯ್ದಳು. ಶರಣಬಸಪ್ಪ ಮಾತ್ರ ಹಜಾರದ ನಡುವೆ ನಿಂತುಬಿಟ್ಟಿದ್ದ. ಕಾಲು ಹೊರಗೂ ಹೋಗಲಿಲ್ಲ, ಒಳಗೂ ಹೋಗಲಿಲ್ಲ. ಆ ಹಾಳೆಯನ್ನು ಅಂಟಿಸಿದವನೂ ಅವನೇ.

ಜನವರಿಯಲ್ಲಿ, ಗಾಳಿಯ ದಿನಗಳಲ್ಲಿ ಅಂಟಿಸಿದ್ದು. ಅವ್ವ ಶಿವಲಿಂಗವ್ವ ಬೆಳಿಗ್ಗೆ ಐದೂವರೆಗೆ ಸ್ನಾನ ಮಾಡಿ ಅಡಿಗೆಮನೆ ಯಾರ್ಡಿಗೆ ಸೇರುವ ಮೂಲೆಯಲ್ಲಿ, ಹೀಟರಿನ ಕೆಳಗೇ, ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದಳು. ಆ ಮನೆಯಲ್ಲಿ ನೀರು ಹರಿದುಹೋಗುವ ಜಾಗ ಅದೊಂದೇ, ಪೂಜೆಯ ನೀರು ಚೆಲ್ಲಿದರೂ ಯಾರಿಗೂ ತೊಂದರೆಯಿಲ್ಲ ಎಂದು ತಾನೇ ಆರಿಸಿಕೊಂಡ ಜಾಗ. ಎಡ ಅಂಗೈಯಲ್ಲಿ ಲಿಂಗ, ಮುಂದೆ ದೀಪ. ಕಿಟಕಿಯ ಗಾಜಿನ ಪಟ್ಟಿಗಳ ಸಂದಿನಿಂದ ಗಾಳಿ ನುಗ್ಗಿ ದೀಪ ಆರುತ್ತಿತ್ತು. ಅವಳು ಬಲಗೈಯನ್ನು ದೀಪಕ್ಕೆ ಮರೆ ಹಿಡಿದು, ಒಂದೇ ಕೈಯಲ್ಲಿ ಪೂಜೆ ಸಾಗದೆ, ಕಣ್ಣು ಮುಚ್ಚುವುದು ತೆರೆಯುವುದು ಮಾಡುತ್ತಿದ್ದಳು. ಯಾರಿಗೂ ದೂರು ಹೇಳಿದವಳಲ್ಲ. ಒಂದು ದಿನ ನೀರು ಕುಡಿಯಲು ಎದ್ದಾಗ ಅವನೇ ಕಂಡ. ಅಂದೇ ಸಂಜೆ ಅಳತೆ ತೆಗೆದು, ದಪ್ಪ ಪಾರದರ್ಶಕ ಹಾಳೆ ತಂದು, ನಾಲ್ಕೂ ಬದಿಗೆ ಟೇಪು ಹಚ್ಚಿ ಮುಚ್ಚಿದ. ಒಂದು ಸುಕ್ಕಿಲ್ಲ. ಮರುದಿನ ದೀಪ ಚಿತ್ರದಲ್ಲಿ ಬರೆದಂತೆ ನೆಟ್ಟಗೆ ನಿಂತಿತು. “ಹೊರಗ ಗಾಳಿ ಐತೋ ಇಲ್ಲೋ ಅನ್ನೂದ ಗೊತ್ತಾಗವಲ್ದು ನೋಡು,” ಎಂದು ಅವ್ವ ನಕ್ಕಿದ್ದಳು. ಆ ನಗೆಯನ್ನು ಅವನು ಆಫೀಸಿಗೆ ಕೊಂಡೊಯ್ದಿದ್ದ.

ವಾರದೊಳಗೆ ಹೀಟರಿನ ಪೈಲಟ್ ಆರಲು ಶುರುವಾಯಿತು. ಹಿಂದಿನ ಮನೆಯವರು ಬಿಟ್ಟುಹೋದ ಹಳೆಯ ಮಾದರಿ ಅದು. ಒಳಗೆ ಕಿರುಬೆರಳಿನ ಉಗುರಿನಷ್ಟು ಉರಿ ಸದಾ ಉರಿಯುತ್ತಿರಬೇಕು, ನಲ್ಲಿ ತಿರುವಿದಾಗ ಅದರಿಂದ ದೊಡ್ಡ ಉರಿ ಹೊತ್ತಿಕೊಳ್ಳುತ್ತದೆ. ಆರಿದರೆ ಗುಂಡಿಯನ್ನು ಒತ್ತಿ ಹಿಡಿದು ಹಚ್ಚಿ, ಮೂವತ್ತು ಎಣಿಸಬೇಕು. ಉರಿಯ ಬಾಯಲ್ಲಿರುವ ಲೋಹದ ಕಡ್ಡಿ ಕಾಯಬೇಕು, ಉರಿ ಇದೆ ಎಂದು ಅದು ನಂಬಬೇಕು, ಆಮೇಲೆ ಕೈ ಬಿಟ್ಟರೆ ಗ್ಯಾಸು ತಾನಾಗಿ ಬರುತ್ತದೆ. ಅವನು ಮೂವತ್ತು ಎಣಿಸಿದ, ನಲವತ್ತು ಎಣಿಸಿದ. ಕೈ ಬಿಟ್ಟರೂ ಉರಿ ಉಳಿಯುತ್ತಿತ್ತು, ಹತ್ತು ನಿಮಿಷ ನೀರು ಹರಿದರೆ ಮತ್ತೆ ಆರುತ್ತಿತ್ತು. ಸೂಜಿಯಿಂದ ಪೈಲಟಿನ ತೂತು ಚೊಕ್ಕ ಮಾಡಿದ. ಕಡ್ಡಿ ಬದಲಿಸಿದ. ಗ್ಯಾಸಿನ ಒತ್ತಡ ನೋಡಿದ. ಹಿಂದೆ ನಿಂತಿದ್ದ ಅವ್ವ, ಸ್ನಾನಕ್ಕೆ ಕಾಯುತ್ತ, ಟವೆಲ್ಲನ್ನು ಎದೆಗವಚಿಕೊಂಡು, “ಅದಕ್ಕ ಉಸಿರ ಸಾಲವಲ್ದು ಕಾಣಸ್ತೈತಿ, ಶರಣ,” ಎಂದಳು. “ಅವ್ವಾ, ಇದು ನಿಮ್ಮ ಗಜೇಂದ್ರಗಡದ ಒಲಿ ಅಲ್ಲ, ಊದುಗೊಳವಿ ತಂದು ಊದಾಕ,” ಎಂದು ಅವನು ನಕ್ಕ. ಅಕ್ಷತಾ ನಕ್ಕಳು. ಅವ್ವನೂ ನಕ್ಕಳು. ಈಗ ಹಮ್ಜಾನ ಟಾರ್ಚಿನ ಬೆಳಕಿನಲ್ಲಿ ಆ ನಗೆ ಇಡಿಯಾಗಿ, ಹಲ್ಲು ಸಮೇತ, ಅವನ ಮುಂದೆ ಬಂದು ನಿಂತಿತು. ಐವತ್ತು ವರ್ಷ ಒಲೆಯ ಮುಂದೆ ಕೂತವಳು ಮೊದಲನೆಯ ದಿನವೇ ಹೇಳಿದ್ದಳು. ಅವನಿಗೆ ಕೇಳಿಸಿರಲಿಲ್ಲ. ಒಂಬತ್ತನೆಯ ದಿನ ಅವನು ನೆತ್ತಿಯ ಸೆನ್ಸರನ್ನು ಕಂಡುಹಿಡಿದ. ಅದರ ಎರಡು ತಂತಿ ಕಿತ್ತು ಒಂದಕ್ಕೊಂದು ಮುಟ್ಟಿಸಿದ. ಪೈಲಟ್ ಆರದೆ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ ನಿಂತಿತು. “ಸಿಕ್ಕ ಕಳ್ಳ! ಸೆನ್ಸರ್ ಹಾಳಾಗೇತಿ,” ಎಂದು ಕೂಗಿದ. ಟಾರ್ಚು ಹಿಡಿದಿದ್ದ ಭುವನೇಶ್ವರಿ, “ಅದು ಯಾತಕ್ಕಂತ ಇಟ್ಟಿರ್ತಾರಲ್ರಿ, ಹಿಂಗ ಬಿಡಬಹುದೇನು?” ಎಂದಳು. “ಹೊಸದು ಆರ್ಡರ್ ಮಾಡೇನಿ, ಬರೂತನ ಅಷ್ಟ. ಮೂವತ್ತೊಂದು ವರ್ಷ ಇದನ್ನ ಮಾಡಕೊಂತ ಬಂದೇನಿ ನಾ,” ಎಂದ ಅವನು. ಅಂದು ರಾತ್ರಿಯೂಟಕ್ಕೆ ಅವಳು ಹೋಳಿಗೆ ಮಾಡಿದ್ದಳು.

ಮೂವತ್ತೊಂದು ವರ್ಷ. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ, ಜುರಾಂಗಿನ ಆ ಫ್ಯಾಕ್ಟರಿಯ ಅಂಗಳದಲ್ಲಿ ನಲವತ್ತು ಜನರನ್ನು ನಿಲ್ಲಿಸಿಕೊಂಡು, ಮೇಂಟೆನೆನ್ಸ್ ಸೂಪರ್‌ವೈಸರ್ ಶರಣಬಸಪ್ಪ ಐದು ನಿಮಿಷ ಸುರಕ್ಷತೆಯ ಮಾತು ಹೇಳುತ್ತಾನೆ. ಯಂತ್ರ ತಾನಾಗಿ ನಿಂತರೆ ಅದು ಕೆಟ್ಟಿಲ್ಲ, ಅದು ಏನೋ ಹೇಳುತ್ತಿದೆ ಎಂದು ನೂರಾರು ಸಲ ಹೇಳಿದ್ದಾನೆ. ಹಾಗೆ ಹೇಳುವಾಗ ಬಲಗೈಯ ತೋರುಬೆರಳು ಮೇಲೇಳುತ್ತದೆ, ಅದು ಅವನಿಗೆ ಗೊತ್ತು. ಒಂದು ಸೆನ್ಸರನ್ನು ಹತ್ತು ನಿಮಿಷ ತಪ್ಪಿಸಬೇಕಾದರೂ ಅಲ್ಲಿ ಮೂರು ಜನರ ಸಹಿ ಬೇಕು, ಆ ನಿಯಮ ತಂದವನೂ ಅವನೇ. ನಾಲ್ಕು ವರ್ಷದ ಹಿಂದೆ ತಿರುಚ್ಚಿ ಕಡೆಯ ಸಂಪತ್ ಎಂಬವನು ಪ್ರೆಸ್ ಯಂತ್ರದ ಬಾಗಿಲು ತೆರೆದರೆ ಅದನ್ನು ನಿಲ್ಲಿಸುವ ಸ್ವಿಚ್ಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಹಾಕಿ ಕೆಲಸ ಮುಂದುವರಿಸಿದ್ದ. ಯಾರಿಗೂ ಏನೂ ಆಗಿರಲಿಲ್ಲ. ಶರಣಬಸಪ್ಪ ವರದಿ ಬರೆದ, ಒಂದು ಪುಟ, ಒಂದು ತಿದ್ದುಪಡಿಯಿಲ್ಲದೆ. ಸಂಪತ್ ಕೆಲಸ ಕಳೆದುಕೊಂಡು ಊರಿಗೆ ಹೋದ. ಹೋಗುವ ಮುನ್ನ ಕ್ಯಾಬಿನ್ನಿಗೆ ಬಂದು, ತಲೆಯ ಹೆಲ್ಮೆಟ್ ತೆಗೆದು ಹೊಟ್ಟೆಗೆ ಹಿಡಿದುಕೊಂಡು, “ಅರ್ಧ ಗಂಟೆಗೆ ಅಂತ ಕಟ್ಟಿದ್ದೆ ಸಾರ್, ಸ್ವಿಚ್ ಬರೋವರೆಗೂ ಅಷ್ಟೇ,” ಎಂದು ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ್ದ. ಶರಣಬಸಪ್ಪ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಎಲ್ಲಾರೂ ಹಂಗ ಹೇಳ್ತಾರ,” ಎಂದು ಕನ್ನಡದಲ್ಲಿ ಅಂದಿದ್ದ. ಅವನಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ. ಆ ಹೆಲ್ಮೆಟ್ಟಿನ ಒಳಗಿನ ಬೆವರಿನ ಕಲೆ, ನಾಲ್ಕು ವರ್ಷ ಎಲ್ಲಿತ್ತೋ, ಈಗ ಕಣ್ಣಿಗೆ ಕಟ್ಟಿತು.

“ಎನಿಬಡಿ ಗಾಟ್ ಹೆಡೇಕ್? ಫೇಂಟಿಂಗ್?” ಹಮ್ಜಾ ಕೆಳಗಿಳಿದು ಪುಸ್ತಕದಲ್ಲಿ ಬರೆಯುತ್ತಿದ್ದ. ಶರಣಬಸಪ್ಪ ಬಾಯಿ ತೆರೆಯುವ ಮೊದಲೇ ಮುಂಬಾಗಿಲಿನಿಂದ ಅಕ್ಷತಾ, “ಅಜ್ಜಿ ಫೇಂಟೆಡ್ ಲಾ! ಲಾಸ್ಟ್ ಟು ಲಾಸ್ಟ್ ಸಂಡೇ!” ಎಂದು ಕೂಗಿದಳು. ಕೂಗಿದವಳು ತಾನೇ ಹೇಳಿದ ಮಾತಿನ ಮೇಲೆ ಎಡವಿದಂತೆ ನಿಂತಳು. ಹದಿನೈದು ವರ್ಷದ ಮುಖ ಬಿಳಿಚಿತು. “ಅಪ್ಪಾ, ಆವಾಗ ನಾನು ಬಾತ್ ಮಾಡ್ತಾ ಇದ್ದೆ. ಹಾಟ್ ವಾಟರ್ ಆನ್ ಇತ್ತು. ನಾನು ಸಾಂಗ್ಸ್ ಕೇಳ್ಕೊಂಡು ಅರ್ಧ ಗಂಟೆ...” ಭುವನೇಶ್ವರಿ ಹೋಗಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. “ನಿಂದೇನಿಲ್ಲ, ಸುಮ್ಕಿರು. ನಿಂದೇನೂ ಇಲ್ಲ.” ಆ ‘ನಿಂದೇನೂ ಇಲ್ಲ’ ಎಂಬುದರ ಉಳಿದ ಅರ್ಧ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಹಮ್ಜಾ ಹೇಳುತ್ತಿದ್ದ, ಮೆಲ್ಲಗೆ, ಒಂದೊಂದೇ ಮಾತು: ಗಾಳಿಗೆ ದಾರಿಯಿಲ್ಲ, ಅದಕ್ಕೇ ಮಸಿ ಕಟ್ಟಿ ಈಗ ಪೈಲಟ್ಟೂ ಆರುತ್ತಿದೆ, ಸುಟ್ಟದ್ದು ಹೊರಗೆ ಹೋಗದೆ ಕೆಳಗಿಳಿದಿದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಈ ಸೆನ್ಸರ್ ಚೆನ್ನಾಗೇ ಇದೆ. ಅದು ದಿನಾ ಗ್ಯಾಸ್ ನಿಲ್ಲಿಸುತ್ತಿತ್ತು, ನಿಮ್ಮನ್ನು ಕಾಯುತ್ತಿತ್ತು. ಯಾರೋ ಅದರ ಬಾಯಿ ಕಟ್ಟಿದರು. ಅವನು ಹೀಟರಿಗೆ ಕೆಂಪು ಚೀಟಿ ಕಟ್ಟಿ, ಫಾರಮ್ಮನ್ನು ಶರಣಬಸಪ್ಪನ ಮುಂದೆ ಹಿಡಿದ. ‘ಹಿಂದೆ ಕೆಲಸ ಮಾಡಿದವರು’ ಎಂಬ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದಿತ್ತು. ಶರಣಬಸಪ್ಪ ಅದರ ಕೆಳಗೆ ಸಹಿ ಮಾಡಿದ. ಪೆನ್ನು ವಾಪಸು ತೆಗೆದುಕೊಳ್ಳುವಾಗ ಹಮ್ಜಾ ಅವನ ಬೆರಳುಗಳನ್ನು ನೋಡಿದ, ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪನ್ನು. “ಟೇಕ್ ಯುವರ್ ಮದರ್ ಟು ಡಾಕ್ಟರ್, ಅಂಕಲ್. ಟುಡೇ,” ಎಂದ.

ಆ ಭಾನುವಾರ. ಪಾತ್ರೆ ಬಿದ್ದ ಸದ್ದಾಯಿತೆಂದು ಅವನು ಓಡಿದ. ಅವ್ವ ಮಣೆಯ ಮೇಲಿಂದ ಪಕ್ಕಕ್ಕೆ ಒರಗಿ ಬಿದ್ದಿದ್ದಳು. ವಿಭೂತಿಯ ತಟ್ಟೆ ಉರುಳಿತ್ತು, ದೀಪ ಮಾತ್ರ ಅಲುಗದೆ ಉರಿಯುತ್ತಿತ್ತು. ಎಡಗೈ ಮುಷ್ಟಿ ಬಿಗಿದಿತ್ತು. ಪ್ರಜ್ಞೆ ತಪ್ಪಿದರೂ ಬೆರಳು ಬಿಚ್ಚಲು ಬರಲಿಲ್ಲ. ಲಿಂಗ ನೆಲ ಮುಟ್ಟಿರಲಿಲ್ಲ. ಎತ್ತಿಕೊಂಡು ಹಜಾರದ ಕಿಟಕಿಯ ಪಕ್ಕ ಮಲಗಿಸಿ ಫ್ಯಾನು ಹಾಕಿದ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟಳು. ಎರಡು ವಾರದಿಂದ ತಲೆನೋವು ಎನ್ನುತ್ತಿದ್ದಳು, ಎದ್ದರೆ ಓಕರಿಕೆ ಎನ್ನುತ್ತಿದ್ದಳು. ಏಸಿಯಿಂದ ಎಂದು ಒಮ್ಮೆ, ಉಪವಾಸದಿಂದ ಎಂದು ಒಮ್ಮೆ, ವಯಸ್ಸು ಎಂದು ಒಮ್ಮೆ ಅವನು ತೀರ್ಪು ಕೊಟ್ಟಿದ್ದ. ಪಕ್ಕದ ಬ್ಲಾಕಿನ ಕ್ಲಿನಿಕ್ಕಿನ ಡಾಕ್ಟರು ರಕ್ತದೊತ್ತಡ ನೋಡಿ, ಈ ವಯಸ್ಸಿನಲ್ಲಿ ಬರಿಹೊಟ್ಟೆಯಲ್ಲಿ ಅಷ್ಟು ಹೊತ್ತು ಕೂರಬಾರದು ಎಂದರು. ಅದು ಅವನಿಗೆ ಬೇಕಾಗಿದ್ದ ಮಾತು. ಮನೆಗೆ ಬಂದವನೇ ಚಹಾದ ಬಟ್ಟಲು ಹಿಡಿದು ನಿಂತ. ಅವಳು ಮುಖ ತಿರುಗಿಸಿದಳು. ದೀಕ್ಷೆಯಾದ ಒಂಬತ್ತನೆಯ ವಯಸ್ಸಿನಿಂದ ಲಿಂಗಪೂಜೆ ಮುಗಿಯದೆ ಅವಳ ಬಾಯಿಗೆ ನೀರೂ ಹೋಗಿಲ್ಲ. ಹೆರಿಗೆಯ ದಿನ ಇಲ್ಲ, ಗಂಡ ಸತ್ತ ದಿನ ಇಲ್ಲ, ಇಲ್ಲಿಗೆ ಬರುವ ವಿಮಾನದಲ್ಲಿ ಇಲ್ಲ. ಆ ದಿನದ ಪೂಜೆ ಅರ್ಧಕ್ಕೇ ನಿಂತಿತ್ತು. “ಪೂಜಿ ಮುಗಿಸಿ ಕುಡೀತೇನೋ ಶರಣ,” ಎಂದಳು. “ಸಾಕ ಅವ್ವಾ ನಿನ್ನ ಹಠಾ! ನೀ ಸತ್ತರ ಅದಕ್ಕ ನಾ ಏನ್ ಉತ್ತರಾ ಕೊಡ್ಲಿ? ಯಾವ ದೇವರು ಕೇಳ್ಯಾನ ಇದನ್ನ?” ಎಂದು ಅವನು ಕೂಗಿದ್ದು ನೆರೆಯ ಚೀನೀ ಮನೆಯವರಿಗೂ ಕೇಳಿಸಿರಬೇಕು. ಅವಳು ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡಳು. ಎಡಗೈ ಇನ್ನೂ ಮುಷ್ಟಿಯಾಗೇ ಇತ್ತು. ಕುಡಿದಳು. ಖಾಲಿ ಬಟ್ಟಲನ್ನು ಅವನಿಗೆ ತೋರಿಸಿದಳು, ಔಷಧಿ ಕುಡಿದ ಮಗು ತೋರಿಸುವಂತೆ.

ಅಂದಿನಿಂದ ದಿನಾ ಐದು ಗಂಟೆಗೆ ಅವನು ಎದ್ದು ಬಟ್ಟಲು ಚಹಾ, ಎರಡು ಬಿಸ್ಕೀಟು ಅವಳೆದುರು ಇಟ್ಟು, ಮುಗಿಯುವವರೆಗೆ ನಿಲ್ಲುತ್ತಿದ್ದ. ಮೊದಲ ಎರಡು ದಿನ ಅವಳು ಪೂಜೆಗೆ ಕೂತಳು, ಐದೇ ನಿಮಿಷ. ಮೂರನೆಯ ದಿನದಿಂದ ಕೂರಲಿಲ್ಲ. ಎದೆಯ ಮೇಲಿನ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಬಿಚ್ಚದೆ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದಳು. ಭುವನೇಶ್ವರಿ ಕೇಳಿದ್ದಕ್ಕೆ, “ಎಂಜಲ ಬಾಯೀಲೆ ಹೆಂಗ ಕೈಯಾಗ ತೊಗೊಳ್ಳಲೆವ್ವಾ. ಸಾಕಂತ ಆ ದೇವರ ಹೇಳಿದ, ಬೀಳಿಸಿ ಹೇಳಿದ,” ಎಂದಿದ್ದಳಂತೆ. ಇದನ್ನು ಭುವನೇಶ್ವರಿ ಹೇಳಿದಾಗ ಅವನು ಪತ್ರಿಕೆ ಓದುತ್ತಿದ್ದ. ಹೊಟ್ಟೆಗೆ ಬಿದ್ದ ಮೇಲೆ ತಲೆನೋವೂ ಇಳಿದಿದೆ ನೋಡು ಎಂದಿದ್ದ. ಇಳಿದದ್ದು ನಿಜ. ಅವಳು ಹೀಟರಿನ ಕೆಳಗೆ ಕೂರುವುದನ್ನು ಬಿಟ್ಟಿದ್ದಳು.

ಸಂಜೆ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದ ಹುಡುಗಿಯಂಥ ಡಾಕ್ಟರು, ಈಗ ಏನೂ ಉಳಿದಿಲ್ಲ, ಹೃದಯವೂ ಸರಿಯಿದೆ ಎಂದಳು. ಆಮೇಲೆ ಕುರ್ಚಿಯನ್ನು ಶಿವಲಿಂಗವ್ವನ ಕಡೆಗೆ ತಿರುಗಿಸಿಕೊಂಡು, ಆ ಮುಖವನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಅವರ ಊಟದ ಕ್ರಮದಿಂದ ಇದು ಆದದ್ದಲ್ಲ ಎಂದು ಅವರಿಗೆ ಹೇಳಿ. ಬಹುಮಟ್ಟಿಗೆ ಹೀಟರಿನ ಅನಿಲದಿಂದಲೇ ಬಿದ್ದದ್ದು. ಆವತ್ತು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದಿದ್ದರೆ... ಎಂದು ನಿಲ್ಲಿಸಿ, ಅದನ್ನು ಹೇಳಬೇಡಿ, ಆದರೆ ಮಿಕ್ಕದ್ದನ್ನು ಹೇಳಿ, ತನ್ನ ತಪ್ಪು ಎಂದುಕೊಂಡಿರುತ್ತಾರೆ, ಎಂದಳು. ಅವ್ವ ಡಾಕ್ಟರ ಬಾಯಿಯನ್ನೂ ಮಗನ ಬಾಯಿಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡ. ಮನಸ್ಸಿನಲ್ಲಿ ಎಣಿಸಲು ಶುರುಮಾಡಿದ, ಯಾಕೋ ಗೊತ್ತಿಲ್ಲ, ಒಂದು, ಎರಡು, ಮೂರು. ಗುಂಡಿ ಒತ್ತಿ ಹಿಡಿದಿದ್ದೇನೆ, ಮೂವತ್ತಕ್ಕೆ ಕೈ ಬಿಡುತ್ತೇನೆ, ಆಗ ಮಾತು ತಾನಾಗಿ ಬರುತ್ತದೆ. ಹನ್ನೊಂದಕ್ಕೆ ಕೈ ಬಿಟ್ಟ. “ಎಲ್ಲಾ ಚೊಲೋ ಐತಂತ, ಅವ್ವಾ,” ಎಂದ. ಡಾಕ್ಟರು ತಲೆಯಾಡಿಸಿ ನಕ್ಕಳು. ತನ್ನ ಅಷ್ಟೂ ಮಾತು ಆ ನಾಲ್ಕು ಶಬ್ದದಲ್ಲಿ ಸೇರಿತು ಎಂದು ನಂಬಿ ನಕ್ಕಳು. ಅವನಿಗೆ ಎದ್ದು ಓಡಬೇಕೆನಿಸಿತು.

ಮನೆಯ ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಇಬ್ಬರು ಮುದುಕರು ಕಲ್ಲಿನ ಮೇಜಿನ ಮೇಲೆ ಚೀನೀ ಚೆಸ್ ಆಡುತ್ತಿದ್ದರು. ಅವ್ವ ಲಿಫ್ಟಿನ ಕಡೆ ಹೋಗದೆ ಬೆಂಚಿನ ಮೇಲೆ ಕೂತಳು. “ಕೂಡು,” ಎಂದಳು. ಕೂತ. “ಆ ಹುಡುಗಿ ಅಷ್ಟೊತ್ತು ಮಾತಾಡಿತು. ನೀ ನಾಕ ಮಾತ ಹೇಳಿದಿ. ಇಂಗ್ಲೀಷು ಅಷ್ಟ ಉದ್ದ ಭಾಷಾ ಏನೋ?” ಅವನು ನಗಲು ಹೋದ. “ನಗಬ್ಯಾಡ. ನನಗ ಏನಾರ ದೊಡ್ಡ ರೋಗ ಐತೇನು? ಹೇಳು. ನಾ ಹೆದರೂದಿಲ್ಲ.” ಅಯ್ಯೋ ಎಂದುಕೊಂಡ. ಎರಡು ತಾಸಿನಿಂದ ಅವಳು ಸಾವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದಾಳೆ, ಟ್ಯಾಕ್ಸಿಯಲ್ಲಿ, ಸುಮ್ಮನೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ಅವನಿಗೆ ತಡೆಯಲಾಗಲಿಲ್ಲ. “ರೋಗ ಇಲ್ಲವ್ವಾ. ನಿನಗೇನೂ ಆಗಿಲ್ಲ. ನಾ ಮಾಡಿದ್ದು.” ಹೇಳಿದ. ಹಾಳೆ ಅಂಟಿಸಿದ್ದು, ಉರಿಗೆ ಗಾಳಿ ಸಾಲದ್ದು, ಅದು ದಿನಾ ತಾನಾಗಿ ಆರಿ ಹೇಳುತ್ತಿದ್ದದ್ದು, ತಾನು ತಂತಿ ಹೆಣೆದದ್ದು, ವಿಷಗಾಳಿ ಅವಳ ತಲೆಯ ಮೇಲೆ ಇಳಿಯುತ್ತಿದ್ದದ್ದು. ಉಪವಾಸದಿಂದ ಬಿದ್ದದ್ದಲ್ಲ ಎಂದ. ರಿಪೇರಿಯವನ ಮುಂದೆ ಸುಳ್ಳು ಹೇಳಿದೆ ಎಂದ. ಅದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಆದರೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಚೆಸ್ ಆಡುವವರ ಒಂದು ಕೆಂಪು ಬಿಲ್ಲೆ ಇನ್ನೊಂದರ ಜಾಗಕ್ಕೆ ಟಕ್ಕೆಂದು ಕೂರುವುದನ್ನು ನೋಡುತ್ತಿದ್ದ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅಥವಾ, ಇನ್ನೂ ಕಷ್ಟದ್ದು, ಹೋಗಲಿ ಬಿಡು ಎಂದು ಬೆನ್ನು ಸವರುತ್ತಾಳೆ. ಸಾಯುತ್ತಿದ್ದೆನಲ್ಲೋ ಎನ್ನಬಹುದು. ಅವಳು ಕೈಚೀಲವನ್ನು ಬೆಂಚಿನ ಮೇಲಿಟ್ಟಳು. ಕೈ ಎದೆಯ ಮೇಲೆ, ಸೀರೆಯ ಒಳಗಿನ ಕರಡಿಗೆಯ ಮೇಲೆ ಇತ್ತು. ಆಮೇಲೆ, ಅವನಿಗೆ ಹೇಳಿದಂತಲ್ಲ, ತನಗೇ ಒಂದು ಲೆಕ್ಕ ತಿಳಿದಂತೆ, “ಹಂಗಾರ ಆ ಚಹಾ ನಾ ಕುಡಿಯೂದ ಬ್ಯಾಡಾಗಿತ್ತು,” ಎಂದಳು.

ಅಷ್ಟೇ. ಪ್ರಾಣ ಹೋಗುತ್ತಿದ್ದುದನ್ನು ಅವಳು ಕೇಳಿಸಿಕೊಂಡೇ ಇಲ್ಲವೇ? ಕೇಳಿಸಿಕೊಂಡಿದ್ದಳು. ಪ್ರಾಣ ಉಳಿದಿತ್ತು, ಅದರ ಮಾತು ಮುಗಿಯಿತು. ಉಳಿಯದೆ ಹೋದದ್ದು ಬೇರೆ. ಅರವತ್ತೇಳು ವರ್ಷ ಒಂದು ದಿನವೂ ತಪ್ಪದೆ ಕಟ್ಟಿಕೊಂಡು ಬಂದದ್ದನ್ನು ಅವನು ಒಂದು ಬಟ್ಟಲಿನಿಂದ ಮುರಿದಿದ್ದ. ಮುರಿದು, ಅದು ಸರಿಯಾಯಿತು ಎಂದು ದಿನಾ ಬೆಳಿಗ್ಗೆ ಎದುರಿಗೆ ನಿಂತು ಕಾವಲು ಕಾದಿದ್ದ. ತಂತಿಗಳನ್ನು ಬಿಚ್ಚಿ ಮತ್ತೆ ಸೆನ್ಸರಿಗೆ ಸಿಕ್ಕಿಸಬಹುದು, ಹಮ್ಜಾ ಅದನ್ನು ಹತ್ತು ನಿಮಿಷದಲ್ಲಿ ಮಾಡುತ್ತಾನೆ. ಇದನ್ನು ಎಲ್ಲಿಗೆ ಸಿಕ್ಕಿಸುವುದು? “ಅವ್ವಾ...” ಎಂದ. “ನಡಿ ಮ್ಯಾಲ. ಭುವನಾ ದಾರಿ ನೋಡತಿರ್ತಾಳ,” ಎಂದು ಅವಳು ಎದ್ದಳು. ಲಿಫ್ಟಿನಲ್ಲಿ ಅವನು ಹಮ್ಜಾನಿಗೆ ಮೆಸೇಜು ಬರೆದ: ತಂತಿ ಸೇರಿಸಿದ್ದು ನಾನು, ಫಾರಮ್ಮು ತಿದ್ದಿ. ಹದಿನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಉತ್ತರ ಬಂತು. ‘ಐ ನೋ, ಅಂಕಲ್. ಮಂಡೇ ಐ ಕಮ್.’ ಅದನ್ನು ಭುವನೇಶ್ವರಿಗೆ ತೋರಿಸಿದ. ಅವಳು ಓದಿ ಫೋನು ಹಿಂದಕ್ಕೆ ಕೊಟ್ಟಳು. “ಊಟಾ ಹಾಕಲೇನು?” ಎಂದಳು. ಹಮ್ಜಾನ ಮುಂದೆ ಅವನು ಸುಳ್ಳು ಹೇಳಿದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

ಮರುದಿನ ಐದು ಗಂಟೆಗೆ ಅಭ್ಯಾಸಬಲದಿಂದ ಎದ್ದು ಚಹಾಕ್ಕೆ ನೀರಿಟ್ಟಿದ್ದ. ಕುದಿಯುವ ಮೊದಲು ನೆನಪಾಗಿ ಒಲೆ ಆರಿಸಿದ. ಬಚ್ಚಲಿನಿಂದ ತಣ್ಣೀರು ಸುರಿದುಕೊಳ್ಳುವ ಸದ್ದು ಬಂತು, ಪ್ರತಿ ತಂಬಿಗೆಗೂ ಅವ್ವ ‘ಹಾ’ ಎನ್ನುತ್ತಿದ್ದಳು. ಒಲೆಯ ಮೇಲೆ ನೀರು ಕಾಯಿಸಿಕೊಡುತ್ತೇನೆ ಎಂದು ಭುವನೇಶ್ವರಿ ಎರಡು ಸಲ ಬೇಡಿದ್ದಕ್ಕೆ, ತಣ್ಣೀರೂ ಬೆಚ್ಚಗಿರೂ ಊರವ್ವಾ ಇದು ಎಂದಿದ್ದಳಂತೆ. ಹೊರಬಂದವಳು ಯಾರ್ಡಿನ ಮೂಲೆಯನ್ನು ನೋಡಿದಳು. ಕೆಂಪು ಚೀಟಿ ನೇತಾಡುತ್ತಿತ್ತು, ಬಣ್ಣ ಕಿತ್ತ ಗೋಡೆಯ ನಡುವೆ ಕಿಟಕಿ ಹಾಗೇ ತೆರೆದಿತ್ತು. ಅವಳು ಮಣೆ ಹಾಕಿದಳು. ಕೂತಳು. ಬಹಳ ಹೊತ್ತು ಕರಡಿಗೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು, ಹೊಸಬರ ಮನೆಯ ಬಾಗಿಲು ತಟ್ಟಲೋ ಬೇಡವೋ ಎನ್ನುವವಳಂತೆ. ಆಮೇಲೆ ಬಿಚ್ಚಿದಳು. ಅಂಗೈಯಲ್ಲಿಟ್ಟುಕೊಂಡಳು. ದೀಪ ಹಚ್ಚಿದಳು. ಗಾಳಿಗೆ ಅದು ಪೂರ್ತಿ ಮಲಗಿತು. ಅವನು ಓಡಿಬಂದು ಅವಳ ಮುಂದೆ ಮೊಣಕಾಲೂರಿ ಎರಡೂ ಕೈಗಳನ್ನು ದೀಪದ ಸುತ್ತ ಮರೆ ಹಿಡಿದ. ಉರಿ ನೆಟ್ಟಗಾಯಿತು. ಅಂಗೈ ಸುಡುತ್ತಿತ್ತು, ಹಿಡಿದೇ ಇದ್ದ. ಇಲ್ಲೇ, ಪೂಜೆ ಮುಗಿಯುವವರೆಗೆ, ಬೇಕಾದರೆ ದಿನಾ.

“ಕೈ ತಗಿ, ಶರಣ,” ಎಂದಳು ಅವ್ವ, ಕಣ್ಣು ತೆರೆಯದೆ.

“ಆರಿ ಹೋಗ್ತೈತಿ ಅವ್ವಾ.”

“ಆರ್ಲಿ. ಕೈ ತಗಿ.”

ತೆಗೆದ. ದೀಪ ಒಮ್ಮೆ ಅತ್ತ ಬಾಗಿತು, ಒಮ್ಮೆ ಇತ್ತ ಬಾಗಿತು, ಆರಿತು. ಬತ್ತಿಯ ತುದಿಯಿಂದ ತೆಳ್ಳಗಿನ ಹೊಗೆ ಎದ್ದು, ಕಿಟಕಿಯ ಗಾಜಿನ ಪಟ್ಟಿಗಳ ಸಂದಿನಿಂದ ಹೊರಗೆ ಹೋಯಿತು. ಅವನು ಅದು ಹೋದ ದಾರಿಯನ್ನೇ ನೋಡುತ್ತ ಕೂತ. ಎಷ್ಟು ಸುಲಭವಾಗಿ ಹೋಗುತ್ತದೆ. ಅವ್ವನ ಕಣ್ಣುಗಳು ಮುಚ್ಚಿಯೇ ಇದ್ದವು, ಅಂಗೈ ಅಲುಗಲಿಲ್ಲ.

“ಹಚ್ಚು,” ಎಂದಳು.

ಅವನು ಕಡ್ಡಿಪೆಟ್ಟಿಗೆಗೆ ಕೈ ಚಾಚಿದ.